‘ಬಹುಶಃ’ ಎಲ್ಲಿ ಬಿದ್ದುಹೋಯಿತು?

1980ರ ಜನವರಿ 10ರ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಸಂಚಿಕೆಯಲ್ಲಿ, ಸಂಪಾದಕರಿಗೆ ಬಂದ ಪತ್ರಗಳ ಪುಟದಲ್ಲಿ, ಐದೇ ವಾಕ್ಯಗಳ ಒಂದು ಪತ್ರ ಅಚ್ಚಾಯಿತು. ಬರೆದವರು ಬಾಸ್ಟನ್ನಿನ ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಆಸ್ಪತ್ರೆಯಲ್ಲಿ ದಾಖಲಾದ 39,946 ರೋಗಿಗಳ ಕಡತಗಳನ್ನು ಅವರು ನೋಡಿದ್ದರು. ಅವರಲ್ಲಿ 11,882 ಮಂದಿಗೆ ಅಫೀಮು ಜಾತಿಯ ನೋವುನಿವಾರಕವನ್ನು ಒಂದು ಸಲವಾದರೂ ಕೊಡಲಾಗಿತ್ತು. ಮೊದಲು ಯಾವ ಚಟವೂ ಇಲ್ಲದೆ, ಈ ಔಷಧಿಯಿಂದಲೇ ಚಟ ಹತ್ತಿಸಿಕೊಂಡವರೆಂದು ಕಡತದಲ್ಲಿ ಸಾಕಷ್ಟು ಸ್ಪಷ್ಟವಾಗಿ ದಾಖಲಾದವರು ನಾಲ್ಕೇ ಜನ. ಆದ್ದರಿಂದ ಚಟ ಹತ್ತುವುದು ಅಪರೂಪ ಎಂದು ಬರೆದು ಇಬ್ಬರೂ ಸಹಿ ಹಾಕಿದರು.

ಈ ಪತ್ರದಲ್ಲಿ ಸುಳ್ಳಿಲ್ಲ. ಆದರೆ ಅದು ಏನನ್ನು ಹೇಳುತ್ತಿಲ್ಲ ಎನ್ನುವುದನ್ನೂ ಗಮನಿಸಬೇಕು. ರೋಗಿಗಳೆಲ್ಲ ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರು. ಔಷಧಿ ಕೊಡುವುದು, ನಿಲ್ಲಿಸುವುದು ಎರಡೂ ವೈದ್ಯರು, ದಾದಿಯರ ಕೈಯಲ್ಲಿತ್ತು. ಎಷ್ಟು ದಿನ, ಯಾವ ಪ್ರಮಾಣದಲ್ಲಿ ಔಷಧಿ ಕೊಟ್ಟರು ಎಂಬ ವಿವರ ಪತ್ರದಲ್ಲಿಲ್ಲ. ಮನೆಗೆ ಹೋದ ಮೇಲೆ ಅವರ ಗತಿ ಏನಾಯಿತು ಎಂದು ಯಾರೂ ಹುಡುಕಿಕೊಂಡು ಹೋಗಿರಲಿಲ್ಲ. ಬೆನ್ನುನೋವಿಗೆ ತಿಂಗಳುಗಟ್ಟಲೆ ಮನೆಯಲ್ಲೇ ಗುಳಿಗೆ ನುಂಗುವವನ ಬಗ್ಗೆ ಈ ಪತ್ರಕ್ಕೆ ಏನೂ ಗೊತ್ತಿಲ್ಲ. ಗೊತ್ತಿದೆ ಎಂದು ಅದು ಹೇಳಿಕೊಂಡದ್ದೂ ಇಲ್ಲ.

ಪತ್ರ ಅಚ್ಚಿನಿಂದ ಹೊರಬಿದ್ದ ಮೇಲೆ ಅದರ ಸ್ಥಾನಮಾನ ಏರುತ್ತಾ ಹೋಯಿತು. 1990ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಲೇಖನವೊಂದು ಅದನ್ನು ವ್ಯಾಪಕ ಅಧ್ಯಯನ ಎಂದು ಕರೆಯಿತು. 1996ರಲ್ಲಿ ಪರ್ಡ್ಯೂ ಕಂಪನಿಯ ‘ಆಕ್ಸಿಕಾಂಟಿನ್’ ಎಂಬ ಇದೇ ಜಾತಿಯ ನೋವುನಿವಾರಕ ಮಾರುಕಟ್ಟೆಗೆ ಬಂತು. ಚಟ ಹತ್ತುವ ಸಂಭವ ಶೇ 1ಕ್ಕಿಂತ ಕಡಿಮೆ ಎಂಬ ಮಾತು ಪ್ರಚಾರದ ವಿಡಿಯೊದಲ್ಲಿ, ಮಾರಾಟ ಪ್ರತಿನಿಧಿಗಳ ಬಾಯಲ್ಲಿ ಹರಿದಾಡತೊಡಗಿತು. 2001ರಲ್ಲಿ ‘ಟೈಮ್’ ವಾರಪತ್ರಿಕೆ ಇದನ್ನು ಮೈಲುಗಲ್ಲಿನಂಥ ಅಧ್ಯಯನವೆಂದು ಬಣ್ಣಿಸಿತು. ಹೀಗೆ ಐದು ವಾಕ್ಯಗಳ ಪತ್ರ ಮೊದಲು ‘ವರದಿ’ಯಾಗಿ, ಆಮೇಲೆ ‘ಅಧ್ಯಯನ’ವಾಗಿ, ಕೊನೆಗೆ ‘ಮೈಲುಗಲ್ಲು’ ಆಯಿತು. ‘ನ್ಯೂ ಇಂಗ್ಲೆಂಡ್ ಜರ್ನಲ್’ನ ಹಳೆಯ ಸಂಚಿಕೆಗಳು 2010ರವರೆಗೆ ಅಂತರ್ಜಾಲದಲ್ಲಿ ಇರಲಿಲ್ಲ. ಮೂಲ ನೋಡಬೇಕಾದವರು ಗ್ರಂಥಾಲಯಕ್ಕೆ ಹೋಗಿ ಸಂಪುಟ ಇಳಿಸಬೇಕಿತ್ತು. ಇಳಿಸಿದ್ದರೆ, ಓದಿ ಮುಗಿಸಲು ಒಂದು ನಿಮಿಷವೂ ಬೇಕಿರಲಿಲ್ಲ.

2017ರಲ್ಲಿ ಕೆನಡಾದ ಸಂಶೋಧಕರ ಒಂದು ತಂಡ ಲೆಕ್ಕ ಹಾಕಲು ಕುಳಿತಿತು. ಅಷ್ಟು ಹೊತ್ತಿಗೆ ಆ ಪತ್ರವನ್ನು 608 ಸಲ ಉಲ್ಲೇಖಿಸಲಾಗಿತ್ತು. ಅದೇ ಕಾಲದ ಅಂಥವೇ ಪತ್ರಗಳಿಗೆ ಸಿಕ್ಕ ಉಲ್ಲೇಖಗಳ ಮಧ್ಯಾಂಕ 11. ಆ 608ರಲ್ಲಿ 439 ಲೇಖನಗಳು, ಅಂದರೆ ಶೇ 72.2ರಷ್ಟು, ಚಟ ಅಪರೂಪ ಎನ್ನುವುದಕ್ಕೆ ಆಧಾರವಾಗಿ ಪತ್ರವನ್ನು ತೋರಿಸಿದ್ದವು. ಅದು ಆಸ್ಪತ್ರೆಯೊಳಗಿನ ರೋಗಿಗಳಿಗೆ ಸಂಬಂಧಿಸಿದ್ದು ಎಂಬ ಸಂಗತಿಯನ್ನೇ 491 ಲೇಖನಗಳು, ಶೇ 80.8ರಷ್ಟು, ಕೈಬಿಟ್ಟಿದ್ದವು. ಪತ್ರಿಕೆಯ ಸಂಪಾದಕರು 37 ವರ್ಷಗಳ ನಂತರ ಆ ಪತ್ರದ ತಲೆಯ ಮೇಲೆ ಎಚ್ಚರಿಕೆಯ ಸೂಚನೆ ಅಂಟಿಸಿದರು. ತಮ್ಮ ಪತ್ರವನ್ನು ಔಷಧಿ ಕಂಪನಿಗಳು ಬಳಸಿಕೊಂಡ ರೀತಿಗೆ ನಾಚಿಕೆಯಾಗುತ್ತದೆ ಎಂಬರ್ಥದಲ್ಲಿ ಜಿಕ್ ಸುದ್ದಿಸಂಸ್ಥೆಯೊಂದಕ್ಕೆ ಹೇಳಿದರು. ಅಮೆರಿಕದಲ್ಲಿ 1999ರಿಂದ 2017ರವರೆಗೆ ಈ ಜಾತಿಯ ಮಾದಕಗಳ ಅತಿಸೇವನೆಯಿಂದ ಸತ್ತವರು ಹತ್ತಿರ ಹತ್ತಿರ ನಾಲ್ಕು ಲಕ್ಷ. ಈ ಸಾವುಗಳಿಗೆ ಕಾರಣಗಳು ಹಲವು. ಕಳ್ಳ ಮಾರುಕಟ್ಟೆಯ ಹೆರಾಯಿನ್, ಫೆಂಟನಿಲ್ ಎಲ್ಲವೂ ಅದರಲ್ಲಿವೆ. ಅಷ್ಟನ್ನೂ ಒಂದು ಪತ್ರದ ತಲೆಗೆ ಕಟ್ಟಿದರೆ ನಾನೂ ಅದೇ ತಪ್ಪು ಮಾಡಿದಂತೆ. ವೈದ್ಯರ ಭಯ ಕಳೆದ ಹಲವು ಸಂಗತಿಗಳಲ್ಲಿ ಅದೂ ಒಂದು; ಅಷ್ಟನ್ನು ಮಾತ್ರ ಹೇಳಬಹುದು.

ಸಂಶೋಧನಾ ಬರವಣಿಗೆಯ ಪಾಠ ಹೇಳುವವರು ಸಾಮಾನ್ಯವಾಗಿ ‘ಆಧಾರ ಕೊಡಿ, ಅಡಿಟಿಪ್ಪಣಿ ಹಾಕಿ’ ಎಂದು ಶುರುಮಾಡುತ್ತಾರೆ. ಈ 608 ಲೇಖನಗಳಲ್ಲಿ ಆಧಾರವೂ ಇತ್ತು, ಅಡಿಟಿಪ್ಪಣಿಯೂ ಇತ್ತು. ಪತ್ರಿಕೆಯ ಹೆಸರು, ಸಂಪುಟ 302, ಪುಟ 123 ಎಲ್ಲ ಇದ್ದವು. ಹೆಚ್ಚಿನ ಕಡೆ ಇಲ್ಲದೆ ಹೋದದ್ದು ‘ಆಸ್ಪತ್ರೆಯಲ್ಲಿದ್ದವರಿಗೆ ಮಾತ್ರ’ ಎಂಬ ಷರತ್ತು. ಸಂಶೋಧನೆಯ ಮಾತು ಒಬ್ಬರ ಬರಹದಿಂದ ಇನ್ನೊಬ್ಬರ ಬರಹಕ್ಕೆ ದಾಟುವಾಗ ಮೊದಲು ಉದುರುವುದು ಇಂಥ ಷರತ್ತುಗಳೇ: ‘ಬಹುಶಃ’, ‘ಈ ಸಂದರ್ಭದಲ್ಲಿ’, ‘ನಾವು ನೋಡಿದಷ್ಟರ ಮಟ್ಟಿಗೆ’. ನಾಮಪದ, ಕ್ರಿಯಾಪದ, ಅಂಕಿ ಮೂರೂ ಉಳಿದುಕೊಳ್ಳುತ್ತವೆ. ಷರತ್ತು ಉದುರಿದ ಮೇಲೆ ವಾಕ್ಯ ಮೊದಲಿಗಿಂತ ಚುರುಕಾಗಿ ಕೇಳಿಸುತ್ತದೆ. ಹಾಗಾಗಿ ಅದು ಇಲ್ಲವೆಂದು ಯಾರಿಗೂ ಅನ್ನಿಸುವುದೂ ಇಲ್ಲ.

ಮೂಲವನ್ನು ತೆರೆದು ನೋಡದೆ ಉಲ್ಲೇಖಿಸುವವರು ಎಷ್ಟು ಮಂದಿ? ಕ್ಯಾಲಿಫೋರ್ನಿಯಾದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಇದನ್ನು ಅಳೆಯಲು 2003ರಲ್ಲಿ ಒಂದು ಜಾಣ ಉಪಾಯ ಹುಡುಕಿದರು. ಭೌತವಿಜ್ಞಾನದ ಪ್ರಸಿದ್ಧ ಲೇಖನವೊಂದನ್ನು ಅಷ್ಟರಲ್ಲಿ ಸುಮಾರು 4,300 ಕಡೆ ಉಲ್ಲೇಖಿಸಲಾಗಿತ್ತು. ಅವುಗಳಲ್ಲಿ 196 ಕಡೆ ಸಂಪುಟವೋ ಪುಟವೋ ವರ್ಷವೋ ತಪ್ಪಾಗಿ ಅಚ್ಚಾಗಿತ್ತು. ಮೂಲ ನೋಡಿ ಬರೆದವರ ಕೈತಪ್ಪಾಗಿದ್ದರೆ ಒಬ್ಬೊಬ್ಬರದು ಒಂದೊಂದು ಬಗೆಯಲ್ಲಿ ಇರಬೇಕಿತ್ತು. ಆದರೆ 196 ತಪ್ಪುಗಳಲ್ಲಿ ಬೇರೆ ಬೇರೆ ನಮೂನೆಯವು 45 ಮಾತ್ರ. ಒಂದೇ ತಪ್ಪು ಪುಟಸಂಖ್ಯೆ 78 ಕಡೆ ಮರುಕಳಿಸಿತ್ತು. ಪರೀಕ್ಷಾ ಕೊಠಡಿಯಲ್ಲಿ ಹಿಂದಿನ ಬೆಂಚಿನವನು ಮುಂದಿನವನ ಉತ್ತರವನ್ನು ಕಾಗುಣಿತದ ತಪ್ಪಿನ ಸಮೇತ ಇಳಿಸಿ ಸಿಕ್ಕಿಬೀಳುವುದಿಲ್ಲವೇ, ಇದೂ ಹಾಗೆಯೇ. ಈ ಲೆಕ್ಕದಿಂದ ಅವರು ಅಂದಾಜಿಸಿದ್ದು: ಉಲ್ಲೇಖಿಸುವವರಲ್ಲಿ ಮೂಲವನ್ನು ಓದುವವರು ಶೇ 20ರ ಆಸುಪಾಸು. ಇದು ಅಂದಾಜು. ತಪ್ಪು ವಿವರವನ್ನು ನಕಲು ಮಾಡಿದವನೂ ಲೇಖನವನ್ನು ಬೇರೆಲ್ಲೋ ಓದಿರಬಹುದು ಎಂಬ ಆಕ್ಷೇಪಕ್ಕೆ ಜಾಗವಿದೆ. ಹಾಗಿದ್ದರೂ ಆ 78 ಮಂದಿಯ ಬಗ್ಗೆ ನನಗೆ ಸಂಶಯ ಉಳಿಯುವುದಿಲ್ಲ.

ಪಾಲಕ್ ಸೊಪ್ಪಿನ ಕಥೆಯನ್ನು ಹಲವರು ಕೇಳಿರುತ್ತಾರೆ. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಯೊಬ್ಬರು ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟರು, ಪಾಲಕ್‌ನ ಕಬ್ಬಿಣಾಂಶ ಹತ್ತು ಪಟ್ಟು ಹಿಗ್ಗಿತು, ಅದನ್ನು ನಂಬಿಯೇ ಪಾಪ್‌ಐ ಎಂಬ ಕಾರ್ಟೂನ್ ನಾವಿಕ ಡಬ್ಬಿಗಟ್ಟಲೆ ಪಾಲಕ್ ತಿಂದ ಎಂಬ ಕಥೆ. ವಿಜ್ಞಾನದಲ್ಲಿ ಎಚ್ಚರಿಕೆ ಎಷ್ಟು ಮುಖ್ಯ ಎಂದು ಹೇಳಬೇಕಾದಾಗಲೆಲ್ಲ ಇದನ್ನು ಹೇಳುವುದು ವಾಡಿಕೆ. ಬ್ರಿಟನ್ನಿನ ರಕ್ತಶಾಸ್ತ್ರಜ್ಞ ಟೆರೆನ್ಸ್ ಹ್ಯಾಂಬ್ಲಿನ್ 1981ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದ ಲಘು ಧಾಟಿಯ ಲೇಖನದಿಂದ ಇದು ಹಬ್ಬಿತು. ಆ ಲೇಖನದಲ್ಲಿ ಈ ಮಾತಿಗೆ ಆಧಾರ ಕೊಟ್ಟಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ ಮೈಕ್ ಸಟನ್ ಎಂಬ ಅಪರಾಧಶಾಸ್ತ್ರಜ್ಞ ಬೆನ್ನುಹತ್ತಿ ಹೋದಾಗ, ಬಿಂದು ಜರುಗಿದ್ದಕ್ಕೆ ಪುರಾವೆಯೇ ಸಿಗಲಿಲ್ಲ. ಎಲ್ಲಿ ಓದಿದ್ದೆನೆಂಬುದು ಹ್ಯಾಂಬ್ಲಿನ್ನರಿಗೂ ನೆನಪಿರಲಿಲ್ಲ. ಪಾಪ್‌ಐ ತಾನು ಪಾಲಕ್ ತಿನ್ನುವುದಕ್ಕೆ ಕಾರಣ ಹೇಳಿದ್ದು 1932ರ ಒಂದು ಚಿತ್ರಪಟ್ಟಿಯಲ್ಲಿ. ಅವನು ಅಲ್ಲಿ ಹೆಸರಿಸಿದ್ದು ಎ ಜೀವಸತ್ವವನ್ನು, ಕಬ್ಬಿಣವನ್ನಲ್ಲ.

ಸ್ವಾರಸ್ಯ ಇಲ್ಲಿಗೆ ನಿಲ್ಲುವುದಿಲ್ಲ. ನಾರ್ವೆಯ ಓಲೆ ಬ್ಯೋರ್ನ್ ರೆಕ್‌ಡಾಲ್ 2014ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು. ಆಧಾರವಿಲ್ಲದೆ ಬರೆಯಬಾರದು ಎಂದು ಉಪದೇಶಿಸುವವರೇ ಆಧಾರವಿಲ್ಲದ ಈ ಕಥೆಯನ್ನು ಹೇಗೆ ಕೈದಾಟಿಸುತ್ತಾ ಬಂದರು ಎನ್ನುವುದು ಅದರ ವಸ್ತು. ಉಲ್ಲೇಖ ಕಲಿಸುವ ಪಠ್ಯ ಯಾವುದಾದರೂ ನನ್ನ ಕೈಗೆ ಬಂದರೆ ಮೊದಲು ಹುಡುಕುವುದು ಅದರಲ್ಲಿ ಪಾಲಕ್ ಇದೆಯೇ ಎಂದು.

ದೂರದ ಊರಿನ ತಪ್ಪುಗಳನ್ನು ಎಣಿಸುವುದು ಸುಲಭ. ನಮ್ಮ ಅಂಗಳದ್ದೊಂದನ್ನು ನೋಡೋಣ. ‘ಎರಡನೆಯ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ ಮಾತುಗಳಿವೆ’. ಇದನ್ನು ಕೇಳದ ಕನ್ನಡಿಗರು ಕಡಿಮೆ. ರಾಜ್ಯೋತ್ಸವದ ಭಾಷಣಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿಗಳಲ್ಲಿ ಈ ಮಾತು ಹಲ್ಮಿಡಿ ಶಾಸನದ ಪಕ್ಕದಲ್ಲೇ ಅದೇ ಗಟ್ಟಿ ದನಿಯಲ್ಲಿ ನಿಂತಿರುತ್ತದೆ.

ಮೂಲಕ್ಕೆ ಹೋದರೆ ಸಿಗುವುದು ಇಷ್ಟು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ವಿದ್ವಾಂಸರು 1896ರಿಂದ ಅಗೆಯತೊಡಗಿದರು. ಸಿಕ್ಕ ಪಪೈರಸ್ ಹಾಳೆಗಳನ್ನು ಸಂಪುಟಗಳಾಗಿ ಅಚ್ಚು ಹಾಕಿದರು. 1903ರ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯದು ಒಂದು ಪ್ರಹಸನ. ಭಾರತದ ತೀರದ ರಾಜನೊಬ್ಬನ ವಶದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ, ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಸೆರೆಯಾಗಿದ್ದಾಳೆ. ಅಣ್ಣ ಹಡಗಿನವರೊಂದಿಗೆ ಬರುತ್ತಾನೆ. ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯ ಕುಡಿಸಿ ಮಲಗಿಸಿ ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಜೊತೆಯಲ್ಲೊಬ್ಬ ವಿದೂಷಕ, ಅವನ ಮುಖ್ಯ ಅಸ್ತ್ರ ಹೂಸು. ಗುಡಿ, ಸೆರೆ, ಅಣ್ಣ ತಂಗಿ ಎಲ್ಲವೂ ಯೂರಿಪಿಡೀಸನ ಇಫಿಜೀನಿಯಾ ನಾಟಕದ ಅಣಕದಂತಿವೆ. ಭಾರತದವರು ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿವೆ, ಗ್ರೀಕ್ ಭಾಷೆಯಲ್ಲಿಲ್ಲ. ಭಾಷೆ ಯಾವುದು?

ಕನ್ನಡವಿರಬಹುದು ಎಂದು ಮೊದಲು ವಾದಿಸಿದವರು ಹುಲ್ಟ್ಸ್. ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದ, ದಕ್ಷಿಣ ಭಾರತದ ಶಾಸನಗಳನ್ನು ಸಂಪಾದಿಸಿದ್ದ ಜರ್ಮನ್ ವಿದ್ವಾಂಸ ಅವರು, ಅಧಿಕಾರವಾಣಿಯಿಂದ ಮಾತಾಡಬಲ್ಲವರು. 1904ರಲ್ಲಿ ಜರ್ಮನ್ ವಿದ್ವತ್ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಪಾತ್ರೆಗೆ ಕೊಂಚ ಮದ್ಯ ಹಾಕುವ ಅರ್ಥದ ಕನ್ನಡ ಮಾತು ಅಲ್ಲಿದೆ ಎಂಬುದು ಈ ವಾದದ ಅತ್ಯಂತ ಪ್ರಸಿದ್ಧ ಓದು. ದೃಶ್ಯ ಮದ್ಯ ಹಂಚುವುದೇ ಆದ್ದರಿಂದ ಅರ್ಥ ಹೊಂದುತ್ತದೆ. ಮೈಸೂರಿನ ಆರ್. ಶಾಮಶಾಸ್ತ್ರಿ, ಆಮೇಲೆ ಬಿ.ಎ. ಸಾಲೆತೊರೆ, ಮಂಜೇಶ್ವರದ ಗೋವಿಂದ ಪೈ ಚರ್ಚೆಯನ್ನು ಬೆಳೆಸಿದರು. ಲಂಡನ್ನಿನ ಎಲ್.ಡಿ. ಬಾರ್ನೆಟ್ 1926ರಲ್ಲಿ ಇದನ್ನು ಅಲ್ಲಗಳೆದು ಬರೆದರು. ಮುಂದೆ, ಅದು ಕನ್ನಡವಲ್ಲ ತುಳು ಎಂಬ ವಾದವೂ ಬಂತು.

ಈಗ ಈ ವಾದವನ್ನು ತೂಗಿ ನೋಡಬೇಕು. ಆ ಕಾಲದಲ್ಲಿ ಪಶ್ಚಿಮ ಕರಾವಳಿಗೆ ರೋಮ್ ಸಾಮ್ರಾಜ್ಯದ ಹಡಗುಗಳು ಬರುತ್ತಿದ್ದವು. ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಇದರಿಂದ, ನಾಟಕಕಾರನಿಗೆ ಇಲ್ಲಿನ ನುಡಿ ಕಿವಿಗೆ ಬಿದ್ದಿರುವುದು ಸಾಧ್ಯ ಎಂದಾಗುತ್ತದೆ. ಬಿದ್ದಿತ್ತು ಎಂದಾಗುವುದಿಲ್ಲ. ಇನ್ನು ಓದಿನ ಪ್ರಶ್ನೆ. ಕನ್ನಡದ ಮೊದಲ ಶಾಸನವೆಂದು ಹೆಸರಾದ ಹಲ್ಮಿಡಿಯದನ್ನು ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿಗೆ ಇಡುತ್ತಾರೆ. ಅಲ್ಲಿಗೆ, ಎರಡನೆಯ ಶತಮಾನದ ಕನ್ನಡ ವಾಕ್ಯ ಹೇಗಿತ್ತೆಂದು ಹೋಲಿಸಿ ನೋಡಲು ನಮ್ಮಲ್ಲಿ ಒಂದು ಮಾದರಿಯೂ ಇಲ್ಲ. ಹೋಲಿಕೆಗೆ ತೆಗೆದುಕೊಳ್ಳುವುದು ನೂರಾರು ವರ್ಷ ಈಚಿನ ಕನ್ನಡವನ್ನು. ನಾವು ಇಂದು ‘ಹ’ದಿಂದ ಆರಂಭಿಸುವ ಹಾಲು, ಹೂ, ಹಾವು ಹಳಗನ್ನಡದಲ್ಲಿ ಪಾಲ್, ಪೂ, ಪಾವು. ಪಂಪನ ಕಾಲಕ್ಕೂ ಬರಹದಲ್ಲಿ ಪಕಾರವೇ. ಹೀಗಿರುವಾಗ ‘ಹಾಕು’ ಎಂಬ ಕ್ರಿಯಾಪದವನ್ನು ಪಂಪನಿಗಿಂತ ಎಂಟು ನೂರು ವರ್ಷ ಹಿಂದಕ್ಕೆ ಒಯ್ದು ಪಪೈರಸ್ಸಿನಲ್ಲಿ ಕೂರಿಸುವವರು, ಆ ಸದ್ದು ಅಲ್ಲಿ ಹೇಗೆ ಬಂತೆಂದು ವಿವರಿಸಬೇಕು. ಜೊತೆಗೆ, ಗ್ರೀಕ್ ಲಿಪಿಗೆ ನಮ್ಮ ಎಷ್ಟೋ ಧ್ವನಿಗಳನ್ನು ಹಿಡಿಯುವ ಶಕ್ತಿ ಇಲ್ಲ. ಪದ ಎಲ್ಲಿ ಒಡೆಯಬೇಕು ಎನ್ನುವುದೂ ಓದುವವನ ಆಯ್ಕೆ. ಪರಭಾಷೆಯವರು ಮಾತಾಡುವುದೇ ನಗೆಯಾಗುವ ಪ್ರಹಸನದಲ್ಲಿ ಸುಮ್ಮನೆ ಗಿಲಿಬಿಲಿ ಸದ್ದು ಬರೆದಿರುವ ಸಾಧ್ಯತೆಯನ್ನೂ ಬಿಡುವಂತಿಲ್ಲ. ಸಾಕಷ್ಟು ಸ್ವಾತಂತ್ರ್ಯ ತೆಗೆದುಕೊಂಡರೆ ಒಂದೇ ಸಾಲಿನಲ್ಲಿ ಕನ್ನಡವೂ ಸಿಗುತ್ತದೆ, ತುಳುವೂ ಸಿಗುತ್ತದೆ ಎಂಬುದೇ ಆ ಓದು ಎಷ್ಟು ಸಡಿಲ ಎಂಬುದಕ್ಕೆ ಸೂಚನೆ.

ಇಷ್ಟು ಹೇಳಿದ್ದು ಹುಲ್ಟ್ಸರನ್ನು ಅಥವಾ ಪೈಗಳನ್ನು ಹಳಿಯುವುದಕ್ಕಲ್ಲ. ಅವರು ಊಹೆಯನ್ನು ಮುಂದಿಟ್ಟು ಕಾರಣ ಕೊಟ್ಟು ವಾದ ಮಾಡಿದರು. ಎದುರಾಳಿಗೆ ಹಿಡಿಯಲು ಕೈಗೆ ಏನಾದರೂ ಸಿಗುವಂತೆ ಬರೆದರು. ತೊಂದರೆ ಆದದ್ದು ಆ ಊಹೆಯನ್ನು ಎತ್ತಿಕೊಂಡವರಿಂದ. ಬಾರ್ನೆಟ್ ದಾರಿಯಲ್ಲಿ ಎಲ್ಲೋ ಬಿದ್ದುಹೋದರು. ‘ಇರಬಹುದು’ ಎನ್ನುವುದು ‘ಇದೆ’ ಆಯಿತು. ಇಂದು ಒಬ್ಬ ವಿದ್ಯಾರ್ಥಿ ಈ ವಿಷಯದ ಮೇಲೆ ಬರೆಯಹೊರಟರೆ ಅವನಿಗೆ ಸುಲಭದಲ್ಲಿ ಸಿಗುವುದು ಕನ್ನಡದ ಪರವಾಗಿರುವ ಹತ್ತಾರು ಪುಸ್ತಕಗಳು. ಹತ್ತೂ ಒಂದೇ ಮೂಲದಿಂದ ಇಳಿದವು. ಅಡಿಟಿಪ್ಪಣಿಯಲ್ಲಿ ಹತ್ತನ್ನೂ ಪೇರಿಸಿಟ್ಟರೆ ಸಾಕ್ಷಿ ಹತ್ತಾದಂತೆ ಕಾಣಿಸುತ್ತದೆ. ಇರುವುದು ಒಂದೇ. ಸ್ಟೀವನ್ ಗ್ರೀನ್‌ಬರ್ಗ್ ಎಂಬ ನರವೈದ್ಯರು ಸ್ನಾಯುರೋಗವೊಂದರ ಬಗೆಗಿನ 242 ಲೇಖನಗಳ ಉಲ್ಲೇಖಜಾಲವನ್ನು 2009ರಲ್ಲಿ ಬಿಡಿಸಿ ತೋರಿಸಿದಾಗಲೂ ಹೊರಬಿದ್ದದ್ದು ಇದೇ: ಬಹುಪಾಲು ಉಲ್ಲೇಖಗಳು ಪರವಾದ ಕೆಲವೇ ಲೇಖನಗಳಿಗೆ ಹೋಗಿದ್ದವು, ವಿರುದ್ಧವಾದವು ಕಣ್ಣಿಗೆ ಬಿದ್ದದ್ದೇ ಕಡಿಮೆ. ಹೊಸ ಪ್ರಯೋಗ ನಡೆಯದೆಯೇ ಊಹೆ ಸಂಗತಿಯಾಗಿತ್ತು.

ಹಾಗಾದರೆ ಗಟ್ಟಿಯಾದ ವಾದ ಹೇಗಿರುತ್ತದೆ? ಕನ್ನಡದಲ್ಲೇ ಚೆಂದದ ಉದಾಹರಣೆ ಇದೆ. ‘ಕವಿರಾಜಮಾರ್ಗ’ವನ್ನು ಕೆ.ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಪ್ರಕಟಿಸಿದಾಗ, ಕರ್ತೃ ರಾಷ್ಟ್ರಕೂಟ ದೊರೆ ನೃಪತುಂಗ ಎಂದು ಇಟ್ಟರು. ಆಧಾರವಿಲ್ಲದ ಮಾತಲ್ಲ ಅದು. ಕೃತಿಯ ಉದ್ದಕ್ಕೂ ಅವನ ಹೆಸರಿದೆ. 1604ರಲ್ಲಿ ಕನ್ನಡ ವ್ಯಾಕರಣ ಬರೆದ ಭಟ್ಟಾಕಳಂಕನೂ ಅದನ್ನು ನೃಪತುಂಗನ ಗ್ರಂಥವೆಂದೇ ತಿಳಿದಿದ್ದ. ಆದರೂ ಸಂಶಯ ಬೇಗನೆ ಎದ್ದಿತು. ಫ್ಲೀಟರಂಥ ವಿದ್ವಾಂಸರು ಪ್ರಶ್ನಿಸಿದರು, ಚರ್ಚೆ ದಶಕಗಟ್ಟಲೆ ನಡೆಯಿತು, ಶ್ರೀವಿಜಯನೆಂಬ ಕವಿಯೇ ಕರ್ತೃ ಎಂಬ ಅಭಿಪ್ರಾಯ ಇಂದು ವಿದ್ವಾಂಸರಲ್ಲಿ ಹೆಚ್ಚು ಬಲವಾಗಿದೆ.

ಈ ತಿರುವು ಆದದ್ದು ಹೇಗೆಂದು ಬಿಡಿಸಿ ನೋಡಿದರೆ ವಾದ ಕಟ್ಟುವ ಪಾಠವೆಲ್ಲ ಅದರಲ್ಲಿದೆ. ಮೊದಲು ಒಳಗಿನ ಸಾಕ್ಷಿ. ಕೃತಿಯಲ್ಲಿ ಬರುವುದು ನೃಪತುಂಗದೇವನಿಗೆ ಸಮ್ಮತವಾದದ್ದು ಎಂಬ ಅರ್ಥದ ಮಾತು. ದೊರೆಯೇ ಬರೆದಿದ್ದರೆ ತನ್ನ ಒಪ್ಪಿಗೆಯನ್ನು ತಾನೇ ಹೀಗೆ ನಮೂದಿಸುತ್ತಿದ್ದನೇ? ಇದು ಕರ್ತೃ ಬೇರೆ ಎನ್ನುವತ್ತ ವಾಲುತ್ತದೆ, ಆದರೆ ತಾನೊಂದೇ ನಿರ್ಣಯಿಸಲಾರದು. ಕೃತಿಯೊಳಗೇ ಶ್ರೀವಿಜಯನ ಹೆಸರೂ ಇದೆ. ಅದು ಇನ್ನಷ್ಟು ಬಲ ಕೊಡುತ್ತದೆ. ಆಮೇಲೆ ಹೊರಗಿನ ಸಾಕ್ಷಿ. ಹನ್ನೊಂದನೆಯ ಶತಮಾನದ ದುರ್ಗಸಿಂಹ ತನ್ನ ‘ಪಂಚತಂತ್ರ’ದಲ್ಲಿ ಶ್ರೀವಿಜಯರ ‘ಕವಿಮಾರ್ಗ’ವನ್ನು ಹೆಸರಿಸಿ ಹೊಗಳುತ್ತಾನೆ. ಅಲ್ಲಿಗೆ ಎರಡು ಹೊರಸಾಕ್ಷಿಗಳು ಎದುರುಬದುರಾದವು. ಎರಡನ್ನೂ ಎಣಿಸಿ ‘ಒಂದಕ್ಕೊಂದು, ಸಮ’ ಎನ್ನುವುದು ವಿದ್ವತ್ತಲ್ಲ. ದುರ್ಗಸಿಂಹ ಕೃತಿಗೆ ಎರಡು ಶತಮಾನ ಈಚಿನವನು. ಭಟ್ಟಾಕಳಂಕ ಏಳೂವರೆ ಶತಮಾನ ಈಚಿನವನು. ಹತ್ತಿರದವನ ಮಾತಿಗೆ ಹೆಚ್ಚು ತೂಕ. ಜೊತೆಗೆ, ಆಶ್ರಯ ಕೊಟ್ಟ ದೊರೆಯ ಹೆಸರು ಕಾಲಾಂತರದಲ್ಲಿ ಕೃತಿಗೆ ಅಂಟಿಕೊಳ್ಳುವುದು ಸಹಜವಾದದ್ದರಿಂದ, ಭಟ್ಟಾಕಳಂಕ ಏಕೆ ಹಾಗೆ ತಿಳಿದ ಎಂಬುದನ್ನೂ ಈ ವಾದ ವಿವರಿಸುತ್ತದೆ. ನೃಪತುಂಗನ ಪರವಾದ ವಾದಕ್ಕೆ ದುರ್ಗಸಿಂಹನನ್ನು ವಿವರಿಸುವುದು ಅಷ್ಟು ಸುಲಭವಲ್ಲ. ‘ಕವಿಮಾರ್ಗ’ವೂ ‘ಕವಿರಾಜಮಾರ್ಗ’ವೂ ಬೇರೆ ಬೇರೆ ಕೃತಿಗಳು ಎನ್ನಬೇಕಾಗುತ್ತದೆ. ಹಾಗೆ ಹೇಳಿದವರೂ ಇದ್ದಾರೆ, ಅದು ಅಸಾಧ್ಯವಲ್ಲ. ಆದ್ದರಿಂದಲೇ ಜವಾಬ್ದಾರಿಯುಳ್ಳ ಬರಹಗಾರರು ಇಂದಿಗೂ ‘ಶ್ರೀವಿಜಯನೇ’ ಎಂದು ಗುದ್ದಿ ಹೇಳುವ ಮೊದಲು ಒಂದು ಕ್ಷಣ ತಡೆಯುತ್ತಾರೆ.

ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಉತ್ತರಿಸುವ ಪದ್ಧತಿ ನಮಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಎಂಬುದು ಒಂದು ಕಡ್ಡಾಯ ಅಂಗ. ಅದನ್ನು ದುರ್ಬಲವಾಗಿ ಮಂಡಿಸಿದರೆ ಸಿದ್ಧಾಂತಕ್ಕೇ ಅವಮಾನ. ಇಂದಿನ ಪಿಎಚ್.ಡಿ. ಪ್ರಬಂಧಗಳಲ್ಲಿ ಅತಿ ಹೆಚ್ಚು ಕಾಣೆಯಾಗಿರುವುದು ಇದೇ. ‘ಈವರೆಗಿನ ಅಧ್ಯಯನಗಳ ಸಮೀಕ್ಷೆ’ ಎಂಬ ಅಧ್ಯಾಯವೇನೋ ಇರುತ್ತದೆ. ಅದರಲ್ಲಿ ಇಂಥವರು ಹೀಗೆ ಹೇಳಿದ್ದಾರೆ, ಇಂಥವರು ಹಾಗೆ ಹೇಳಿದ್ದಾರೆ ಎಂದು ಪುಸ್ತಕಗಳು ಸಾಲಾಗಿ ಬಂದು ಹೋಗುತ್ತವೆ. ಯಾರ ಮಾತು ಯಾರ ಮಾತಿಗೆ ವಿರುದ್ಧ, ನಾನು ಯಾರ ಕಡೆ, ಏಕೆ ಎನ್ನುವುದು ಬರುವುದಿಲ್ಲ.

ಆ ‘ಹೇಳಿದ್ದಾರೆ’ ಎಂಬ ಕ್ರಿಯಾಪದದ ಮೇಲೆ ನನಗೊಂದು ತಕರಾರಿದೆ. ಊಹಿಸಿದವರೂ ಹೇಳಿದ್ದಾರೆ, ಸಾಧಿಸಿದವರೂ ಹೇಳಿದ್ದಾರೆ, ಬೇರೆಯವರ ಮಾತನ್ನು ಎತ್ತಿ ಖಂಡಿಸಿದವರೂ ಹೇಳಿದ್ದಾರೆ. ಕನ್ನಡದಲ್ಲಿ ಕ್ರಿಯಾಪದಗಳಿಗೆ ಬರವಿಲ್ಲ: ಶಂಕಿಸುತ್ತಾರೆ, ಅಂದಾಜಿಸುತ್ತಾರೆ, ವಾದಿಸುತ್ತಾರೆ, ದಾಖಲಿಸುತ್ತಾರೆ, ಒಪ್ಪುತ್ತಾರೆ, ಅಲ್ಲಗಳೆಯುತ್ತಾರೆ. ಸರಿಯಾದದ್ದನ್ನು ಆರಿಸಬೇಕಾದರೆ ಮೂಲವನ್ನು ಓದಿರಲೇಬೇಕು. ‘ಹೇಳಿದ್ದಾರೆ’ಗೆ ಆ ತೊಂದರೆ ಇಲ್ಲ.

ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮ ತಂದಿತು. ಬೇರೆ ಬರಹಗಳೊಂದಿಗೆ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 60 ಮೀರಿದರೆ ಪಿಎಚ್.ಡಿ. ನೋಂದಣಿಯೇ ರದ್ದು. ನಿಯಮ ಬೇಕಾಗಿತ್ತು, ಬಂತು. ಅದರಿಂದ ಇನ್ನೊಂದೂ ಆಯಿತು: ಸಂಶೋಧನಾ ವಿದ್ಯಾರ್ಥಿಯ ಚಿಂತೆಯೆಲ್ಲ ಶೇಕಡಾವಾರಿನ ಸುತ್ತ ಸುತ್ತತೊಡಗಿತು. ವಾಕ್ಯವನ್ನು ತಿರುಗಾಮುರುಗಾ ಮಾಡಿ ಹೋಲಿಕೆ ಇಳಿಸುವ ಕಲೆ ಬೆಳೆಯಿತು. ಯಂತ್ರ ನೋಡುವುದು ಮಾತುಗಳು ಹೊಂದುತ್ತವೆಯೇ ಎಂದು. ಅಡಿಟಿಪ್ಪಣಿ ತೋರಿಸುವ ಪುಟದಲ್ಲಿ ಆ ಸಂಗತಿ ಇದೆಯೇ ಎಂದು ಅದು ನೋಡುವುದಿಲ್ಲ. ಪೋರ್ಟರ್ ಮತ್ತು ಜಿಕ್ ಪತ್ರವನ್ನು ತಪ್ಪಾಗಿ ಬಳಸಿದ ನೂರಾರು ಲೇಖನಗಳಿಗೆ ಆ ಯಂತ್ರ ಆ ಕಾರಣಕ್ಕೆ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ.

ಇಲ್ಲದ ಪುಸ್ತಕವನ್ನು ಉಲ್ಲೇಖಿಸುವ ಕಾಲವೂ ಬಂದಿದೆ. ಇದಕ್ಕೆ ಕೃತಕ ಬುದ್ಧಿಮತ್ತೆಯೇ ಬರಬೇಕಾಗಿರಲಿಲ್ಲ. ಎಲ್ಸೆವಿಯರ್ ಪ್ರಕಾಶನವು ಲೇಖಕರಿಗೆ ಉಲ್ಲೇಖದ ಶೈಲಿ ತೋರಿಸಲು ಮಾದರಿಗೆಂದು ಒಂದು ಲೇಖನದ ವಿವರ ಕೊಟ್ಟಿತ್ತು: ವೈಜ್ಞಾನಿಕ ಲೇಖನ ಬರೆಯುವ ಕಲೆ ಎಂಬ ಅರ್ಥದ ಶೀರ್ಷಿಕೆ, ಮೂವರು ಲೇಖಕರು, ಒಂದು ಪತ್ರಿಕೆಯ ಹೆಸರು, ವರ್ಷ 2000. ಅಂಥ ಲೇಖನವೂ ಇಲ್ಲ, ಆ ಪತ್ರಿಕೆಯೂ ಇಲ್ಲ. ನೆದರ್‌ಲ್ಯಾಂಡ್ಸ್‌ನ ಪೀಟರ್ ಕ್ರೂನೆನ್‌ಬರ್ಗ್ ಎಂಬ ನಿವೃತ್ತ ಪ್ರಾಧ್ಯಾಪಕರು ಅನುಮಾನದಿಂದ ಕೆದಕಿದಾಗ, ಈ ಇಲ್ಲದ ಲೇಖನವನ್ನು ನಾನೂರಕ್ಕೆ ಹತ್ತಿರ ಕಡೆ ಉಲ್ಲೇಖಿಸಿರುವುದು ಕಂಡಿತು. ಮಾದರಿ ಸಾಲನ್ನು ಅಳಿಸಲು ಮರೆತವರೇ ಅವರಲ್ಲಿ ಹೆಚ್ಚಿನವರು ಇದ್ದಿರಬೇಕು.

ಈಗಿನ ಯಂತ್ರಗಳು ಕೇಳಿದ ತಕ್ಷಣ ಲೇಖಕ, ವರ್ಷ, ಪುಟ ಸಮೇತ ನಂಬುವಂಥ ಉಲ್ಲೇಖ ಕೊಡುತ್ತವೆ. ಅದರಲ್ಲಿ ಕೆಲವು ಇರುತ್ತವೆ, ಕೆಲವು ಇರುವುದಿಲ್ಲ. ನ್ಯೂಯಾರ್ಕಿನಲ್ಲಿ ವಿಮಾನಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 2023ರ ಜೂನ್‌ನಲ್ಲಿ 5,000 ಡಾಲರ್ ದಂಡ ಬಿತ್ತು. ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಪೀಠವೂ 2024ರ ಡಿಸೆಂಬರ್ ಕೊನೆಯಲ್ಲಿ ಹೊರಡಿಸಿದ ಆದೇಶವೊಂದನ್ನು, ಅದರಲ್ಲಿ ಉಲ್ಲೇಖಿಸಿದ್ದ ತೀರ್ಪುಗಳು ಇಲ್ಲವೆಂದು ಬಯಲಾದ ಮೇಲೆ ಹಿಂಪಡೆಯಬೇಕಾಯಿತು. ನ್ಯಾಯಾಲಯದಲ್ಲಿ ಎದುರು ಪಕ್ಷದವರು ಹುಡುಕುತ್ತಾರೆ, ಸಿಕ್ಕಿಬೀಳುತ್ತದೆ. ಪಿಎಚ್.ಡಿ. ಪ್ರಬಂಧಕ್ಕೆ ಎದುರು ಪಕ್ಷದವರು ಯಾರು?

ಶಾಸನಗಳ ಮೇಲೆ ಬರೆಯುವವರಿಗೆ ಇಲ್ಲಿ ಒಂದು ಉಪಯೋಗದ ಮಾತು. ಬಿ.ಎಲ್. ರೈಸ್ ಶುರುಮಾಡಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹಳೆಯ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಸಂಪುಟಗಳೂ ಇವೆ. ಎರಡರಲ್ಲೂ ಸಂಪುಟ, ತಾಲ್ಲೂಕು, ಸಂಖ್ಯೆ ಎಂಬ ಕ್ರಮವೇ ಇದ್ದರೂ ಜೋಡಣೆ ಬೇರೆ. ಹಳೆಯ ಏಳನೆಯ ಸಂಪುಟದ ಶಿಕಾರಿಪುರ 176 ಎಂದರೆ ತಾಳಗುಂದದ ಕಂಬದ ಶಾಸನ. ಆದರೆ ಬರೀ ‘ಎ.ಕ. 3, ನಂಜನಗೂಡು’ ಎಂದು ಬರೆದು ಸಂಖ್ಯೆ ಹಾಕಿದರೆ ಯಾವ ಆವೃತ್ತಿಯ ಮೂರನೆಯ ಸಂಪುಟ ಎಂದು ಓದುಗನಿಗೆ ತಿಳಿಯುವುದಿಲ್ಲ; ಅವನು ತಪ್ಪು ಸಂಪುಟ ತೆರೆದರೆ ಬೇರೆಯದೇ ದಾನಶಾಸನ ಎದುರಾಗುತ್ತದೆ. ಹಿಂದಿನವರ ಪ್ರಬಂಧದಿಂದ ಸಂಖ್ಯೆಯನ್ನು ಎತ್ತಿಕೊಂಡವರು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಮೂಲ ಸಿಗದೆ ಬೇರೆಯವರ ಪುಸ್ತಕದಿಂದ ತೆಗೆದುಕೊಂಡಿದ್ದರೆ ‘ಇಂಥವರ ಕೃತಿಯಲ್ಲಿ ಉದ್ಧೃತ’ ಎಂದು ಬರೆಯುವುದರಲ್ಲಿ ಯಾವ ಅವಮಾನವೂ ಇಲ್ಲ. ನೋಡದ್ದನ್ನು ನೋಡಿದ್ದೇನೆ ಎಂದು ಬರೆಯುವುದರಲ್ಲಿದೆ.

ಮೌಖಿಕ ಪರೀಕ್ಷೆಯ ದಿನ ‘ನಿಮ್ಮ ಸಂಶೋಧನೆಯ ಕೊಡುಗೆ ಏನು’ ಎಂದು ಕೇಳುವುದು ರೂಢಿ. ಉತ್ತರವನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಅದರ ಬದಲು ಪರೀಕ್ಷಕರು ಒಂದು ವಾರ ಮೊದಲೇ ಪ್ರಬಂಧದಿಂದ ತಮಗೆ ತೋಚಿದ ಐದು ಅಡಿಟಿಪ್ಪಣಿಗಳನ್ನು ಗುರುತು ಹಾಕಿ, ಆ ಐದೂ ಪುಟಗಳ ನೆರಳಚ್ಚು ತನ್ನಿ ಎಂದು ಹೇಳಿ ಕಳಿಸಬಹುದು. ಬಂದ ಮೇಲೆ ಪ್ರಬಂಧದ ವಾಕ್ಯ ಒಂದು ಕೈಯಲ್ಲಿ, ಮೂಲದ ಪುಟ ಇನ್ನೊಂದು ಕೈಯಲ್ಲಿ ಇಟ್ಟುಕೊಂಡು ಓದಬೇಕು. ಇದಕ್ಕೆ ತಂತ್ರಾಂಶ ಬೇಡ, ಆಯೋಗದ ಹೊಸ ನಿಯಮವೂ ಬೇಡ. ಅರ್ಧ ಗಂಟೆಯ ಕೆಲಸ. ಮಾರ್ಗದರ್ಶಕರೂ ಅದೇ ಕೋಣೆಯಲ್ಲಿ ಕುಳಿತಿರುತ್ತಾರಾದ್ದರಿಂದ, ಮುಂದಿನ ವಿದ್ಯಾರ್ಥಿಯ ಕರಡನ್ನು ಅವರು ಸ್ವಲ್ಪ ನಿಧಾನವಾಗಿ ತಿದ್ದುತ್ತಾರೆ ಎಂಬ ಆಸೆ ನನಗಿದೆ.